ಮೂರನೇ ಪಿಸ್ಟನ್ನಿನ ಜಾಡು

ಬಾಗಲಕೋಟೆಯಿಂದ ಕಮತಗಿ, ಅಮೀನಗಡ ದಾಟಿ ಹುನಗುಂದಕ್ಕೆ ಹೋಗುವ ರಸ್ತೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕರದಂಟಿನ ಬೋರ್ಡುಗಳು. ಅವನ್ನು ಬಿಟ್ಟು ರಸ್ತೆಯ ಅಂಚನ್ನೇ ನೋಡುತ್ತ ಬನ್ನಿ. ಊರು ಮುಗಿದು ಹೊಲ ಶುರುವಾಗುವಲ್ಲೆಲ್ಲ ಒಂದೊಂದು ತಗಡಿನ ಶೆಡ್ಡು ಇರುತ್ತದೆ. ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ, ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿಗೆ ತೂಗುವ ಚೈನ್ ಪುಲ್ಲಿ, ಬಾನೆಟ್ ಕಳಚಿದ ಎರಡು ಮೂರು ಟ್ರ್ಯಾಕ್ಟರು. ಬಾಗಲಕೋಟೆ ಜಿಲ್ಲೆಯ ಬೇಸಾಯ, ಕಬ್ಬಿನ ಸಾಗಾಟ, ಇಳಕಲ್ಲಿನ ಕಲ್ಲುಗಣಿಯ ದುಡಿಮೆ ಮೂರೂ ನಿಂತಿರುವುದು ಈ ಶೆಡ್ಡುಗಳ ಬಲದ ಮೇಲೆ. ಐಹೊಳೆ, ಬಾದಾಮಿ, ಕೂಡಲಸಂಗಮ ನೋಡಲು ಬರುವವರು ಇವುಗಳ ಮುಂದೆಯೇ ಹಾದುಹೋಗುತ್ತಾರೆ. ಇವೂ ನಿಂತು ನೋಡಬೇಕಾದ ಜಾಗಗಳೇ ಎಂದು ಹೇಳಲು ಈ ಬರಹ.

ಹುನಗುಂದದ ಹೊರವಲಯದ ಅಂಥದೊಂದು ಶೆಡ್ಡಿಗೆ ನಾನು ಹೋದಾಗ ಬಾದಾಮಿ ಕಡೆಯ ಒಂದು ಟ್ರ್ಯಾಕ್ಟರನ್ನು ಲಾರಿಯಿಂದ ಇಳಿಸುತ್ತಿದ್ದರು. ಹೊಲದಲ್ಲಿ ಕೆಟ್ಟದ್ದಲ್ಲ, ಕಣದಲ್ಲಿ ಕೆಟ್ಟದ್ದು. ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಯ ಕಣ.

ಈ ಸ್ಪರ್ಧೆಯ ಬೇರು ಈ ನೆಲದಲ್ಲಿ ಆಳಕ್ಕಿದೆ. ಮುಧೋಳ, ಬಾಗಲಕೋಟೆ ಸೀಮೆಯ ಜಾತ್ರೆಗಳಲ್ಲಿ ತೆರಬಂಡಿ ಎಂದರೆ ಇವತ್ತಿಗೂ ಊರಿಗೆ ಊರೇ ಸೇರುತ್ತದೆ. ಭಾರ ಹೇರಿದ ಬಂಡಿಯನ್ನು ಎತ್ತುಗಳ ಜೋಡಿ ಗೊತ್ತುಮಾಡಿದ ಹೊತ್ತಿನೊಳಗೆ ಎಷ್ಟು ದೂರ ಎಳೆಯುತ್ತದೆ ಎನ್ನುವುದು ಅಲ್ಲಿನ ಪಂಥ. ಕಲ್ಲು ಜಗ್ಗುವ ಪಂಥವೂ ಇದೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಾಗ ಪಂಥವೂ ಜೊತೆಗೇ ಬಂತು. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಓಡಿಸುವ ಸ್ಪರ್ಧೆ ಕೈಚಳಕದ್ದು. ಅದರಲ್ಲಿ ಎಂಜಿನ್ನಿಗೆ ಹೆಚ್ಚು ಅಪಾಯವಿಲ್ಲ. ಭಾರ ಹೇರಿದ ಡಬ್ಬಿ (ಟ್ರೇಲರ್) ಜಗ್ಗುವುದು, ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಸರಪಳಿಯಿಂದ ಕಟ್ಟಿ ಎಳೆಸುವುದು, ಇವು ಹಾಗಲ್ಲ. ಇಲ್ಲಿ ಎಂಜಿನ್ನು ತನ್ನ ಕೊನೆಯ ಬಲವನ್ನೂ ಕೊಡಬೇಕು.

ಹೊರಜಗತ್ತಿನಲ್ಲಿ ಇದರ ದೊಡ್ಡಣ್ಣಂದಿರಿದ್ದಾರೆ. ಅಮೆರಿಕದಲ್ಲಿ ಟ್ರ್ಯಾಕ್ಟರ್ ಎಳೆತಕ್ಕೆಂದೇ 1969ರಲ್ಲಿ ರಾಷ್ಟ್ರೀಯ ಸಂಘಟನೆ ಹುಟ್ಟಿತು. ಅಲ್ಲಿನ ಡೀಸೆಲ್ ಡ್ರ್ಯಾಗ್ ರೇಸಿನ ಪಿಕಪ್ ಟ್ರಕ್ಕುಗಳಲ್ಲಿ 1989ರ ಮಾದರಿಯ ಪಿಕಪ್ಪುಗಳಿಗೆ 160 ಅಶ್ವಶಕ್ತಿಯೊಂದಿಗೆ ಬಂದ ಕಮ್ಮಿನ್ಸ್ ಆರು ಸಿಲಿಂಡರಿನ ವಂಶದ ಎಂಜಿನ್ನುಗಳಿಂದಲೇ 2000 ಅಶ್ವಶಕ್ತಿ ಮೀರಿ ತೆಗೆಯುವವರಿದ್ದಾರೆ. ನಮ್ಮ ದೇಶದಲ್ಲಿ ಟಾಟಾ ಕಂಪನಿ 2014ರಲ್ಲಿ ದೆಹಲಿ ಬಳಿಯ ಬುದ್ಧ ಸರ್ಕಿಟ್ಟಿನಲ್ಲಿ ಟ್ರಕ್ ರೇಸ್ ಶುರುಮಾಡಿತು. 2017ರ ಹೊತ್ತಿಗೆ ಸಾವಿರ ಅಶ್ವಶಕ್ತಿಯ ಪ್ರೈಮಾ ಟ್ರಕ್ಕನ್ನು ಅಲ್ಲಿ ಇಳಿಸಿತು. ಹುನಗುಂದದ ಶೆಡ್ಡಿಗೆ ಬಂದದ್ದು ನಾಲ್ಕು ಸಿಲಿಂಡರಿನ, ಟರ್ಬೋ ಇರುವ, ಕಬ್ಬು ಹೊರುವ ಟ್ರ್ಯಾಕ್ಟರು. ಅಳತೆ ಬೇರೆ. ಸಾಯುವ ರೀತಿ ಮಾತ್ರ ಒಂದೇ, ಆದ್ದರಿಂದ ಸಾವಿನ ಕಾರಣ ಹುಡುಕುವ ರೀತಿಯೂ ಒಂದೇ.

ಮಾಲೀಕ ಆಗಲೇ ತೀರ್ಮಾನಕ್ಕೆ ಬಂದಿದ್ದ. "ಟರ್ಬೋ ಹೋಗೇತ್ರೀ ಕಾಕಾ, ಹೊಸಾದು ಹಾಕ್ರಿ" ಎಂದ. ಜೊತೆಗೆ ಬಂದ ಗೆಳೆಯ ಹೆಡ್ ಗ್ಯಾಸ್ಕೆಟ್ ಹೊಡೆದಿದೆ ಎಂದ. ಶೆಡ್ಡಿನ ಹುಡುಗರು ಉಸ್ತಾದ್ ಎಂದು ಕರೆಯುವ ಮೇಸ್ತ್ರಿ ಇಬ್ಬರಿಗೂ ಉತ್ತರ ಕೊಡಲಿಲ್ಲ. ಡ್ರೈವರನನ್ನು ಹತ್ತಿರ ಕರೆದ. ಅವನು ಇಪ್ಪತ್ತರ ಆಸುಪಾಸಿನ ಹುಡುಗ, ಮೂಲೆಯಲ್ಲಿ ನಿಂತಿದ್ದ.

"ಮೊದಲ ಏನ್ ಕಂಡಿ, ಅದನ್ನ ಹೇಳ ತಮ್ಮಾ. ಹೊಗಿ ಯಾವ ಬಣ್ಣ ಇತ್ತು?"

"ಕರ್ರಗ ಇತ್ರೀ. ಮೊದಲನೇ ಸುತ್ತಿನಿಂದನೂ ಕರ್ರಗನ ಇತ್ತು."

"ಆಮ್ಯಾಲೆ?"

"ಮೂರನೇ ಸಲ ಜಗ್ಗುವಾಗ ಟಕ್ ಟಕ್ ಅಂತ ಸೌಂಡ್ ಬಂತು. ಹೊಗಿ ನೀಲಿ ಆತು. ಬ್ರೀದರಿನ್ಯಾಗಿಂದ ಬುಸು ಬುಸು ಅಂತ ಬಂತ್ರೀ. ಬಂದ್ ಬಿತ್ತು."

"ನಿಂತ ಮ್ಯಾಲೆ ಮತ್ತ ಸೆಲ್ಫ್ ಹೊಡದ್ಯಾ?"

ಹುಡುಗ ಮಾಲೀಕನ ಮುಖ ನೋಡಿದ. "ಎರಡ್ ಸಲ ಹೊಡದ್ನಿ."

ಈ ನಾಲ್ಕು ಮಾತಿನಲ್ಲಿ ಅರ್ಧ ಪತ್ತೆ ಮುಗಿದಿತ್ತು ಎಂದು ಆಮೇಲೆ ಗೊತ್ತಾಯಿತು. ಡೀಸೆಲ್ ಎಂಜಿನ್ನಿನ ಹೊಗೆಯ ಬಣ್ಣಕ್ಕೆ ಅರ್ಥವಿದೆ. ಕಪ್ಪು ಹೊಗೆ ಎಂದರೆ ಒಳಗೆ ಹೋದ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಬಿಳಿಯದಕ್ಕೆ ಎರಡು ಕಾರಣ: ಹೊತ್ತಿಕೊಳ್ಳದ ಡೀಸೆಲ್ ಮಂಜಾಗಿ ಬರುವುದು, ಇಲ್ಲವೇ ರೇಡಿಯೇಟರಿನ ನೀರು ಒಳಗೆ ಸೇರಿ ಹಬೆಯಾಗುವುದು. ಮೊದಲನೆಯದು ಕಣ್ಣು ಉರಿಸುತ್ತದೆ, ಎರಡನೆಯದು ಬೇಗ ಕರಗಿಹೋಗುತ್ತದೆ. ಬಣ್ಣಕ್ಕಿಂತ ಅದು ಬಂದ ಕ್ರಮ ಮುಖ್ಯ. ಇಲ್ಲಿ ಕಪ್ಪು ಮೊದಲಿನಿಂದಲೂ ಇತ್ತು, ನೀಲಿ ಕೊನೆಗೆ ಬಂತು, ಬ್ರೀದರ್ (ಆಯಿಲ್ ಚೇಂಬರಿನ ಗಾಳಿ ಹೊರಹೋಗುವ ಕೊಳವೆ) ಊದಿತು. ಗ್ಯಾಸ್ಕೆಟ್ ಮಾತ್ರ ಹೊಡೆದಿದ್ದರೆ ಬ್ರೀದರ್ ಹಾಗೆ ಊದುವುದು ಅಪರೂಪ. ಸುಡುವ ಗಾಳಿ ಪಿಸ್ಟನ್ನನ್ನು ದಾಟಿ ಕೆಳಗೆ ಆಯಿಲ್ ಚೇಂಬರಿಗೆ ನುಗ್ಗಿದರೆ ಹಾಗಾಗುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು 'ಬ್ಯಾಕ್ ಕಂಪ್ರೆಶನ್'.

ಸೆಲ್ಫಿನ ಪ್ರಶ್ನೆಗೂ ಕಾರಣವಿತ್ತು. ನಿಂತ ಎಂಜಿನ್ನಿನ ಸಿಲಿಂಡರಿನಲ್ಲಿ ನೀರೋ ಡೀಸೆಲ್ಲೋ ತುಂಬಿದ್ದರೆ ದ್ರವ ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ. ಸ್ಟಾರ್ಟರ್ ಮೋಟಾರು ಜೋರಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡೇ ಬಾಗಿಬಿಡಬಹುದು. ಒಡೆದ ಲೋಹದ ಚೂರಿದ್ದರೆ ಲೈನರಿನ ಗೋಡೆಗೆ ಗೀರು ಬೀಳುತ್ತದೆ. ಇಂಥ ಎಂಜಿನ್ನು ನಿಂತ ಕೂಡಲೇ ಮತ್ತೆ ಸ್ಟಾರ್ಟ್ ಮಾಡಿ ನೋಡುವ ಚಪಲವೇ ಸಾವಿರಗಳ ಖರ್ಚನ್ನು ಲಕ್ಷಕ್ಕೆ ಒಯ್ಯುತ್ತದೆ. ಜಗ್ಗುವ ಕಣಕ್ಕೆ ಇಳಿಯುವ ಎಲ್ಲ ಹುಡುಗರಿಗೂ ಮೊದಲು ಕಲಿಸಬೇಕಾದದ್ದು ಇದು.

ಆಮೇಲೆ ಸ್ಪ್ಯಾನರ್ ಹಿಡಿಯುವ ಮುಂಚೆಯೇ ಮಾಡುವ ಕೆಲಸಗಳು. ಆಯಿಲ್ ಗೇಜ್ ಎಳೆದು ಬೆರಳಿನಿಂದ ಒರೆಸಿ ಮೂಸಿದ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ, ಇಲ್ಲಿ ಇರಲಿಲ್ಲ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ನೋಜಲ್ ಸೋರಿದೆ ಅಥವಾ ಪಂಪಿನ ಸೀಲು ಹೋಗಿದೆ. ಇಲ್ಲಿ ಡೀಸೆಲ್ಲಿನ ಎಳೆಯ ವಾಸನೆ ಇತ್ತು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿದಾಗ ಎಣ್ಣೆಯೊಳಗೆ ಬೆಳ್ಳಿಯ ಪುಡಿಯಂಥ ಮಿನುಗು. ಅಲ್ಯೂಮಿನಿಯಂ. ಎಂಜಿನ್ನಿನೊಳಗೆ ಅದಕ್ಕೆ ಮೊದಲ ಮೂಲ ಪಿಸ್ಟನ್ನು. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದ; ನೀರಿನ ಮೇಲೆ ಎಣ್ಣೆಯ ಪೊರೆ ಇಲ್ಲ, ನೀರು ಕಡಿಮೆಯೂ ಆಗಿಲ್ಲ. ಗ್ಯಾಸ್ಕೆಟ್ ಎಂದಿದ್ದ ಗೆಳೆಯ ಸುಮ್ಮನಾದ.

ಟರ್ಬೋವನ್ನು ಮಾತ್ರ ಬಿಡಲಿಲ್ಲ. ಗಾಳಿಯ ಪೈಪು ಕಳಚಿ, ಟರ್ಬೋದ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಆಡಿಸಿದ. ಅಡ್ಡಕ್ಕೆ ಕೂದಲೆಳೆಯ ಆಟ ಇರುವುದು ಸಹಜ. ರೆಕ್ಕೆ ಗೂಡಿಗೆ ತಗಲುವಷ್ಟು ಇರಬಾರದು. ರೆಕ್ಕೆಗಳು ಸರಿಯಿದ್ದವು, ಗಾಳಿ ಪೈಪಿನಲ್ಲಿ ಆಯಿಲ್ ನಿಂತಿರಲಿಲ್ಲ. ಟರ್ಬೋದ ಸೀಲು ಹೋಗಿ ಆಯಿಲ್ ಗಾಳಿಯೊಂದಿಗೆ ಒಳಸೇರಿದರೆ ಡೀಸೆಲ್ ಎಂಜಿನ್ನು ಆ ಆಯಿಲನ್ನೇ ಸುಟ್ಟುಕೊಂಡು ಓಡತೊಡಗುತ್ತದೆ. ಆಗ ಪಂಪಿನ ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗಿ ಎಂಜಿನ್ನು ಸಿಡಿಯಬಹುದು. ಗಾಳಿಯ ದಾರಿಯನ್ನು ಗಟ್ಟಿ ಹಲಗೆಯಿಂದ ಮುಚ್ಚುವುದೇ ಆಗ ಮುಖ್ಯ ಉಪಾಯ, ಕೈ ಅಡ್ಡ ಇಡುವಂತೆಯೇ ಇಲ್ಲ. ಜನ ಸುತ್ತುಗಟ್ಟಿದ ಕಣದಲ್ಲಿ ಹೀಗಾದರೆ ಏನಾದೀತು ಎಂದು ಯೋಚಿಸಿದರೆ ಟರ್ಬೋವನ್ನು ಆತ ಯಾಕೆ ಅಷ್ಟು ಹೊತ್ತು ನೋಡಿದ ಎನ್ನುವುದು ತಿಳಿಯುತ್ತದೆ.

ನನಗೆ ಅಲ್ಲಿ ಬಹಳ ಹಿಡಿಸಿದ್ದು ಮುಂದಿನ ಪರೀಕ್ಷೆ. ಅದಕ್ಕೆ ಬೇಕಾದದ್ದು ಒಂದು ಉದ್ದನೆಯ ರಾಡು ಮಾತ್ರ. ಮುಂದಿನ ಪುಲ್ಲಿಯ ನಟ್ಟಿಗೆ ಅದನ್ನು ಸಿಕ್ಕಿಸಿ ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸತೊಡಗಿದ. ನಾಲ್ಕು ಸಿಲಿಂಡರಿನ ಎಂಜಿನ್ನು ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಬಿಗಿಯಾಗಬೇಕು, ಅರ್ಧ ಸುತ್ತಿಗೆ ಒಂದು ಸಿಲಿಂಡರಿನಂತೆ. ಈ ಎಂಜಿನ್ನು ಉರಿಯುವ ಕ್ರಮ 1-3-4-2. ಮೊದಲನೆಯದು ಬಿಗಿಯಾದ ಗುರುತಿನಿಂದ ಅರ್ಧ ಸುತ್ತು ದಾಟಿದಾಗ ಕೈಗೆ ತಡೆ ಸಿಗಲಿಲ್ಲ. ಅದರಾಚೆ ಬಿಗಿ, ಮತ್ತೆ ಬಿಗಿ. ಇನ್ನೊಮ್ಮೆ ಮಾಡಿದ, ಅದೇ ಜಾಗದಲ್ಲಿ ಸಡಿಲ. ರಾಡು ಕೆಳಗಿಟ್ಟು ಹೇಳಿದ: "ಮೂರನೇದು ಸತ್ತೈತಿ." ಇನ್ನೂ ಒಂದು ಬೋಲ್ಟೂ ಬಿಚ್ಚಿರಲಿಲ್ಲ.

ಗೇಜು ಅದನ್ನು ದೃಢಪಡಿಸಿತು. ನೋಜಲ್ಲುಗಳನ್ನು ಕಳಚಿ, ಆ ತೂತಿಗೆ ಕಂಪ್ರೆಶನ್ ಗೇಜು ಹಾಕಿದರು. ಚೆನ್ನಾಗಿರುವ ಇಂಥ ಎಂಜಿನ್ನು ಸ್ಟಾರ್ಟರಿನ ವೇಗಕ್ಕೆ 25ರಿಂದ 30 ಬಾರ್ ಒತ್ತಡ ತೋರಿಸಬೇಕು. ಉಳಿದ ಮೂರು ಸಿಲಿಂಡರು ತೋರಿಸಿದವು, ಮೂರನೆಯದರಲ್ಲಿ ಮುಳ್ಳು ಏಳಲೇ ಇಲ್ಲ. ಆಮೇಲೆ ಕಂಪ್ರೆಸರಿನ ಗಾಳಿಯನ್ನು ಅದೇ ತೂತಿನಿಂದ ಬಿಟ್ಟು ಎಲ್ಲಿ ಸುಂಯ್ ಎನ್ನುತ್ತದೆ ಎಂದು ಕಿವಿಗೊಟ್ಟರು. ಸೈಲೆನ್ಸರಿನಲ್ಲಿ ಕೇಳಿದರೆ ಎಗ್ಜಾಸ್ಟ್ ವಾಲ್ವು ಸುಟ್ಟಿದೆ. ಗಾಳಿ ಫಿಲ್ಟರಿನ ಕಡೆ ಕೇಳಿದರೆ ಇನ್ನೊಂದು ವಾಲ್ವು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು, ಇಲ್ಲವೇ ಹೆಡ್ಡಿನಲ್ಲಿ ಬಿರುಕು. ಇಲ್ಲಿ ಗಾಳಿಯೆಲ್ಲ ಬ್ರೀದರಿನಿಂದಲೇ ಬಂತು. ಅಮೆರಿಕದ ರೇಸ್ ತಂಡವೂ ಹೆಡ್ ಬಿಚ್ಚುವ ಮುಂಚೆ ಮಾಡುವುದು ಇದೇ ಪರೀಕ್ಷೆ. ಅವರಿಗೆ ಸೋರಿಕೆ ಅಳೆಯುವ ಗೇಜು, ಪ್ರತಿ ಸಿಲಿಂಡರಿನ ಹೊಗೆಯ ಬಿಸಿ ದಾಖಲಿಸುವ ಸೆನ್ಸರು ಇರುತ್ತವೆ. ಇಲ್ಲಿ ಹುಡುಗನ ನೆನಪೂ ಉಸ್ತಾದನ ಕಿವಿಯೂ ಆ ಜಾಗ ತುಂಬುತ್ತವೆ.

ಹೆಡ್ ಎತ್ತಿದಾಗ ಎಲ್ಲರೂ ಬಗ್ಗಿ ನೋಡಿದೆವು. ಮೂರನೇ ಪಿಸ್ಟನ್ನಿನ ತಲೆಯ ಒಂದು ಅಂಚು ಕರಗಿ ರಿಂಗಿನ ತೋಡಿನವರೆಗೂ ಹರಿದಿತ್ತು. ಮೇಲಿನ ವಾಲ್ವಿನ ಮುಖಕ್ಕೆ ಅಲ್ಯೂಮಿನಿಯಂ ಸಿಡಿದು ಅಂಟಿತ್ತು. ಲೈನರಿನ ಒಂದು ಮಗ್ಗುಲಿಗೆ ಮೇಲಿಂದ ಕೆಳಗೆ ಗೀರು.

ಇಲ್ಲಿಗೆ ಮುಗಿಯಿತು, ಒಂದು ಪಿಸ್ಟನ್ನು ಒಂದು ಲೈನರು ಹಾಕಿದರೆ ಆಯಿತು ಎಂದು ಮಾಲೀಕನ ಲೆಕ್ಕ. ಅನೇಕ ಕಡೆ ಆಗುವುದೂ ಅದೇ. ಆದರೆ ಪಿಸ್ಟನ್ನು ಕರಗಿದ್ದು ಪರಿಣಾಮ. ಕಾರಣ ಇನ್ನೂ ಸಿಕ್ಕಿರಲಿಲ್ಲ. ಉಸ್ತಾದ್ ಈಗ ಸತ್ತ ಸಿಲಿಂಡರನ್ನು ಬಿಟ್ಟು ಬದುಕಿದ ಮೂರರ ಮೇಲೆ ಟಾರ್ಚ್ ಹಾಕಿದ. ಮಸಿ ಒರೆಸಿ, ಪಿಸ್ಟನ್ನಿನ ತಲೆಯಲ್ಲಿರುವ ಬಟ್ಟಲಿನ ತುಟಿಯನ್ನು ಉಗುರಿನಿಂದ ಸವರಿದ. ಎರಡರಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ಉಗುರಿಗೆ ಸಿಕ್ಕವು. "ಇವೂ ಹಾದ್ಯಾಗ ಅದಾವ್ರಿ. ಒಂದs ನೋಜಲ್ ಕೆಟ್ಟಿದ್ರ ಒಂದs ಪಿಸ್ಟನ್ ಹೋಗತಿತ್ತು. ಇದು ಎಲ್ಲಾಕೂ ಬಿಸಿ ಹೆಚ್ಚಾಗೇತಿ."

ಯಾಕೆ ಬಿಸಿ ಹೆಚ್ಚಾಯಿತು? ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರು ಗಾಳಿಯ ಬಾಗಿಲನ್ನು ತೆರೆಯುತ್ತದೆ. ಇಂಥ ಡೀಸೆಲ್ಲಿನಲ್ಲಿ ಗಾಳಿಗೆ ಬಾಗಿಲೇ ಇಲ್ಲ. ಬಲ ಏರುವುದೂ ಇಳಿಯುವುದೂ ಪಂಪು ಎಷ್ಟು ಡೀಸೆಲ್ ಚುಚ್ಚುತ್ತದೆ ಎನ್ನುವುದರ ಮೇಲೆ. ಹಾಗಾಗಿ ಹಳೆಯ ಮೆಕ್ಯಾನಿಕಲ್ ಪಂಪಿನ ಒಂದು ಸ್ಕ್ರೂ ತಿರುಗಿಸಿದರೆ ಬಲ ಏರುತ್ತದೆ, ಅದೂ ಖರ್ಚಿಲ್ಲದೆ. ಕಣದ ಹಿಂದಿನ ರಾತ್ರಿ ಅನೇಕರು ಮಾಡುವುದು ಇದನ್ನೇ. ಒಂದು ಕಿಲೋ ಡೀಸೆಲ್ ಪೂರ್ತಿ ಸುಡಲು ಸುಮಾರು 14.5 ಕಿಲೋ ಗಾಳಿ ಬೇಕು. ಸಿಲಿಂಡರಿನೊಳಗೆ ಅವು ಪೂರ್ತಿ ಬೆರೆಯುವಷ್ಟು ಹೊತ್ತು ಸಿಗದ ಕಾರಣ ಹೊಗೆ ಬಾರದಿರಲು ಇನ್ನೂ ಹೆಚ್ಚಿನ ಗಾಳಿ ಇರಬೇಕು. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಬಲ ಸ್ವಲ್ಪ ಏರುತ್ತದೆ, ಹೊಗೆ ಕಪ್ಪಾಗುತ್ತದೆ, ಬಿಸಿ ಬಹಳ ಏರುತ್ತದೆ.

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್ಸಿಗೆ. ಸಿಲಿಂಡರಿನೊಳಗಿನ ಉರಿ ಕ್ಷಣಕಾಲ 2000 ಡಿಗ್ರಿ ಮೀರುತ್ತದೆ. ಆದರೂ ಪಿಸ್ಟನ್ನು ಉಳಿಯುತ್ತದೆ, ಯಾಕೆಂದರೆ ಬಂದ ಬಿಸಿಯನ್ನು ಅದು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ರಿಂಗುಗಳ ಮೂಲಕ ಲೈನರಿಗೆ, ಲೈನರಿನಿಂದ ನೀರಿಗೆ, ಕೆಳಗಿನಿಂದ ಚಿಮ್ಮುವ ಆಯಿಲಿಗೆ ದಾಟಿಸುತ್ತಲೇ ಇರುತ್ತದೆ. 2200 ಸುತ್ತಿನ ವೇಗದಲ್ಲಿ ಒಂದೊಂದು ಸಿಲಿಂಡರು ಸೆಕೆಂಡಿಗೆ ಹದಿನೆಂಟು ಸಲ ಉರಿಯುತ್ತದೆ. ಬರುವ ಬಿಸಿ, ಹೋಗುವ ಬಿಸಿ ಸಮನಾಗಿರುವವರೆಗೆ ಎಲ್ಲ ಸುರಳೀತ. ಹೊಲದಲ್ಲಿ ನೇಗಿಲು ಎಳೆಯುವಾಗ ಭಾರ ಏರಿಳಿಯುತ್ತದೆ, ತಿರುವಿನಲ್ಲಿ ಎಂಜಿನ್ನು ಉಸಿರಾಡುತ್ತದೆ. ಕಣದಲ್ಲಿ ಆ ಬಿಡುವೇ ಇಲ್ಲ. ಪೂರ್ತಿ ಆಕ್ಸಿಲರೇಟರು, ಪೂರ್ತಿ ಭಾರ, ಭಾರಕ್ಕೆ ಎಂಜಿನ್ನಿನ ವೇಗ ಬಿದ್ದಷ್ಟೂ ಟರ್ಬೋ ಕೊಡುವ ಗಾಳಿಯೂ ಬೀಳುತ್ತದೆ, ಡೀಸೆಲ್ ಮಾತ್ರ ಕಡಿಮೆಯಾಗುವುದಿಲ್ಲ.

ಒತ್ತಡದ ಲೆಕ್ಕವನ್ನೂ ಹಾಕಿ ನೋಡಿ. ಪಿಸ್ಟನ್ನಿನ ಅಡ್ಡಗಲ 100 ಮಿಲಿಮೀಟರ್ ಎಂದುಕೊಂಡರೆ ಅದರ ತಲೆಯ ವಿಸ್ತೀರ್ಣ 78 ಚದರ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಉರಿಯುವಾಗ 140 ಬಾರ್ ಒತ್ತಡವಿದ್ದರೆ ಅದರ ಮೇಲೆ ಬೀಳುವ ಬಲ 11 ಟನ್ನಿಗೂ ಮೇಲು, ಸೆಕೆಂಡಿಗೆ ಹದಿನೆಂಟು ಸಲ. ಇಷ್ಟನ್ನೇ ಹೆಡ್ಡಿನ ಬೋಲ್ಟುಗಳು ಮೇಲಕ್ಕೂ ತಡೆಯಬೇಕು. ಡೀಸೆಲ್ ಹೆಚ್ಚಿಸುವುದರ ಜೊತೆಗೆ ಅದನ್ನು ಚುಚ್ಚುವ ಹೊತ್ತನ್ನೂ (ಟೈಮಿಂಗ್) ಮುಂಚಿತ ಮಾಡಿದರೆ ಈ ಒತ್ತಡ ಇನ್ನೂ ಏರಿ ಬೋಲ್ಟು ಹಿಗ್ಗುತ್ತದೆ, ಆಗ ನಿಜವಾಗಿಯೂ ಗ್ಯಾಸ್ಕೆಟ್ ಹೊಡೆಯುತ್ತದೆ. ಎರಡು ಸಾವಿರ ಅಶ್ವಶಕ್ತಿಯ ರೇಸ್ ಟ್ರಕ್ಕಿನವರು ಹೆಡ್ಡಿನ ಸ್ಟಡ್ಡು, ಕನೆಕ್ಟಿಂಗ್ ರಾಡು, ಪಿಸ್ಟನ್ನು ಎಲ್ಲವನ್ನೂ ಬದಲಿಸಿ, ಒಂದರ ಹಿಂದೊಂದು ಟರ್ಬೋ ಕೂಡಿಸಿ, ಆಮೇಲೆ ಡೀಸೆಲ್ ಹೆಚ್ಚಿಸುತ್ತಾರೆ. ಅಷ್ಟೆಲ್ಲ ಮಾಡಿದ ಮೇಲೂ ಅವರ ಎಂಜಿನ್ನುಗಳು ಸಿಡಿಯುತ್ತವೆ. ಕಬ್ಬು ಹೊರುವ ಎಂಜಿನ್ನಿಗೆ ಸ್ಕ್ರೂ ಒಂದನ್ನೇ ತಿರುಗಿಸಿ ಅದೇ ಬಲ ಕೇಳುವುದು ನ್ಯಾಯವಲ್ಲ.

ಪಂಪನ್ನೂ ನೋಜಲ್ಲುಗಳನ್ನೂ ಹೊತ್ತು ಬಾಗಲಕೋಟೆಗೆ ಹೋದವರ ಜೊತೆ ನಾನೂ ಹೋದೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ದೊಡ್ಡ ಭಾಗವನ್ನು ಎಬ್ಬಿಸಿದ ಮೇಲೆ ಬೆಳೆದ ನವನಗರವಿರುವ, 1997ರಲ್ಲಿ ಜಿಲ್ಲಾ ಕೇಂದ್ರವಾದ ಊರು ಅದು. ಡೀಸೆಲ್ ಪಂಪಿನ ಕೋಣೆ ಗ್ಯಾರೇಜಿಗಿಂತ ಪೂರ್ತಿ ಬೇರೆ. ಬಾಗಿಲು ಮುಚ್ಚಿರುತ್ತದೆ, ಧೂಳಿಗೆ ಪ್ರವೇಶವಿಲ್ಲ, ಮೇಜಿನ ಮೇಲೆ ಬಿಳಿ ಬಟ್ಟೆ. ಪಂಪಿನೊಳಗಿನ ಎಲಿಮೆಂಟು ತನ್ನ ಗೂಡಿಗೆ ಕೂರುವ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು. ಕಣ್ಣಿಗೆ ಕಾಣದ ಮರಳಿನ ಕಣವೂ ಅದನ್ನು ಕೆಡಿಸುತ್ತದೆ. ಇಲ್ಲಿ ಪಂಪಿಗೆ ಇಂದಿಗೂ ಜನ ಹೇಳುವ ಹೆಸರು ಮೈಕೋ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನೋಜಲ್ಲುಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಮಾತಿನಲ್ಲಿ ಮೈಕೋ ಹಾಗೇ ಉಳಿದಿದೆ.

ನೋಜಲ್ಲುಗಳನ್ನು ಒಂದೊಂದಾಗಿ ಕೈಪಂಪಿನ ಟೆಸ್ಟರಿಗೆ ಹಾಕಿ ಒತ್ತಿದರು. 200 ಬಾರ್ ದಾಟಿದ ಮೇಲೆ ನೋಜಲ್ ಕಿರ್ರನೆ ದನಿ ಮಾಡಿ ತೆಳು ಮಂಜಾಗಿ ಸಿಂಪಡಿಸಬೇಕು, ಆಮೇಲೆ ತುದಿ ಒಣಗಿರಬೇಕು. ಮೂರು ಹಾಗೇ ಮಾಡಿದವು. ಮೂರನೇ ಸಿಲಿಂಡರಿನದು ದಾರವಾಗಿ ಸುರಿಸಿತು, ತುದಿಯಲ್ಲಿ ಹನಿ ನಿಂತಿತು. ಹನಿಯಾಗಿ ಬಿದ್ದ ಡೀಸೆಲ್ ಪಿಸ್ಟನ್ನಿನ ಮೇಲೆಯೇ ಕೂತು ಉರಿಯುತ್ತದೆ, ಲೈನರಿನ ಎಣ್ಣೆಯನ್ನೂ ತೊಳೆದುಹಾಕುತ್ತದೆ. ಗೇಜಿನಲ್ಲಿ ಬಂದ ಡೀಸೆಲ್ ವಾಸನೆಯ ಮೂಲ ಇದು. ಪಂಪನ್ನು ಬೆಂಚಿಗೆ ಕಟ್ಟಿ ತಿರುಗಿಸಿ, ನಾಲ್ಕು ಗಾಜಿನ ಕೊಳವೆಗಳಲ್ಲಿ ಬಂದ ಡೀಸೆಲ್ಲನ್ನು ಅಳೆದಾಗ ನಾಲ್ಕರಲ್ಲೂ ಮಟ್ಟ ಹೆಚ್ಚುಕಡಿಮೆ ಒಂದೇ, ಆದರೆ ಕಂಪನಿಯ ಪಟ್ಟಿಯಲ್ಲಿರುವುದಕ್ಕಿಂತ ಬಹಳ ಮೇಲೆ. ಪೂರ್ತಿ ಡೀಸೆಲ್ಲಿನ ಸ್ಕ್ರೂಗೆ ಕಟ್ಟುವ ಸೀಸದ ಸೀಲು ಇರಲೇ ಇಲ್ಲ.

ಅಲ್ಲಿಗೆ ಕಥೆ ಕೂಡಿಕೊಂಡಿತು. ನಾಲ್ಕೂ ಸಿಲಿಂಡರಿಗೆ ಮಿತಿ ಮೀರಿ ಡೀಸೆಲ್ ಹೋಗುತ್ತಿತ್ತು, ಎಲ್ಲ ಪಿಸ್ಟನ್ನುಗಳೂ ದಣಿಯುತ್ತಿದ್ದವು. ಮೂರನೆಯದರ ನೋಜಲ್ ಸೋರಿದ್ದರಿಂದ ಅದು ಮೊದಲು ಹೋಯಿತು. ಎರಡು ಕಾರಣ ಸೇರಿ ಒಂದು ಸಾವು. ನೋಜಲ್ಲನ್ನಷ್ಟೇ ಬದಲಿಸಿದ್ದರೆ ಮುಂದಿನ ಕಣದಲ್ಲಿ ಇನ್ನೊಂದು ಪಿಸ್ಟನ್ನಿನ ಸರದಿ ಬರುತ್ತಿತ್ತು.

ಇದೇ ಊರಿನಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಆ ಕರಗಿದ ಪಿಸ್ಟನ್ನು, ಬಿರುಕುಬಿಟ್ಟ ಅದರ ಜೊತೆಗಾರರು, ಆ ನೋಜಲ್ಲು, ಪಂಪಿನ ಅಳತೆ ನಾಲ್ಕನ್ನೂ ಒಂದೇ ಮೇಜಿನ ಮೇಲಿಟ್ಟು ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡುವಂತಾದರೆ ಎಷ್ಟು ಚೆನ್ನ. ಉಸ್ತಾದನಂಥವರು ಅಲ್ಲಿ ಬಂದು ಒಂದು ತಾಸು ಮಾತಾಡುವಂತಾಗಬೇಕು ಎನ್ನುವುದು ನನ್ನ ಮನಸ್ಸಿನ ಆಸೆ. ಅವರಿಗೆ ಗೊತ್ತಿರುವುದು ಬರಹಕ್ಕೆ ಇಳಿದಿಲ್ಲ, ಅವರ ನಂತರ ಅದು ಯಾರ ಕೈಗೆ ಹೋಗುತ್ತದೋ ಎಂಬ ಚಿಂತೆ ನನಗಿದೆ.

ಬಾದಾಮಿ ಕಡೆಯ ಆ ಕಣವನ್ನೂ ನೋಡಿದೆ. ಕೆಂಪು ಬಂಡೆಯ ಗುಡ್ಡಗಳು ದೂರಕ್ಕೆ ಕಾಣುವ, ಕೊಯ್ಲು ಮುಗಿದ ಎರೆ ಹೊಲ. ಚಕ್ರಗಳು ತೋಡಿದ ಗುಣಿಗಳು ಇನ್ನೂ ಹಾಗೇ ಇದ್ದವು. ಮಸಾರಿ ನೆಲವಾಗಿದ್ದರೆ ಚಕ್ರ ಬೇಗ ಜಾರಿ ಗಿರ್ರನೆ ತಿರುಗುತ್ತದೆ. ಚಕ್ರ ಜಾರಿದಾಗ ಟ್ರ್ಯಾಕ್ಟರು ಸೋಲುತ್ತದೆ, ಎಂಜಿನ್ನು ಬದುಕುತ್ತದೆ. ಹದವಾಗಿ ಬಿಗಿದ ಎರೆ ನೆಲ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಅದರ ಮೇಲೆ ಟೈರಿಗೆ ನೀರು ತುಂಬಿ, ಮುಂದೆ ಕಬ್ಬಿಣದ ತೂಕ ಕಟ್ಟಿರುತ್ತಾರೆ. ಜಾರಿಕೊಳ್ಳುವ ದಾರಿಯೆಲ್ಲ ಮುಚ್ಚಿ, ಉಳಿದ ಭಾರವನ್ನೆಲ್ಲ ಎಂಜಿನ್ನಿನ ಮೇಲೆ ಹಾಕಿದಂತಾಗುತ್ತದೆ. ಮುಂದಿನ ಗಾಲಿ ಎದ್ದು ನಿಂತಾಗ ಜನ ಕೇಕೆ ಹಾಕುತ್ತಾರೆ. ಸರಪಳಿ ಹರಿದರೆ ಅದು ಯಾವ ಕಡೆ ಬೀಸುತ್ತದೆ ಎಂದು ಹೇಳುವವರಿಲ್ಲ. ನೋಡುವವರನ್ನು ಹಗ್ಗ ಕಟ್ಟಿ ದೂರ ನಿಲ್ಲಿಸದ ಕಣ ನಡೆಯಲೇಬಾರದು.

ಹುನಗುಂದದಿಂದ ಸೋಲಾಪುರ–ಚಿತ್ರದುರ್ಗದ ಹೆದ್ದಾರಿ ಹಿಡಿದರೆ ಇಳಕಲ್ಲು ಹತ್ತಿರ. ಸೀರೆಯ ಊರು; ಜೊತೆಗೆ ಕೆಂಪು, ಗುಲಾಬಿ ಗ್ರಾನೈಟಿನ ಊರು. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದು ಬ್ಲಾಕು 24 ಟನ್ನಿನ ಹತ್ತಿರ ತೂಗುತ್ತದೆ. ಇಂಥವನ್ನು ಎತ್ತುವ, ಹೊರುವ ಡೀಸೆಲ್ ಎಂಜಿನ್ನುಗಳು ಇಲ್ಲಿ ದಿನವಿಡೀ ದುಡಿಯುತ್ತವೆ. ಇವುಗಳಿಗೆ ಅಂಟುವ ಕಾಯಿಲೆ ಕಣದ ಕಾಯಿಲೆಯಲ್ಲ, ಆದರೆ ಹೊರಗೆ ಕಾಣುವ ಲಕ್ಷಣ ಅದೇ: ನೀಲಿ ಹೊಗೆ, ಬ್ರೀದರ್ ಊದುವುದು, ಬಲ ಬೀಳುವುದು. ಹುನಗುಂದದ ಎಂಜಿನ್ನು ಮಾತ್ರ ನೋಡಿದವನು ಇಲ್ಲೂ ಪಂಪನ್ನೇ ಸಂಶಯಿಸಿಯಾನು.

ಗಣಿಯ ಬಳಿಯ ಗ್ಯಾರೇಜಿನಲ್ಲಿ ಒಬ್ಬ ಮೆಕ್ಯಾನಿಕ್ಕು ಗಾಳಿ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಕಳಚಿ ಒಳಗೆ ಬೆರಳಾಡಿಸಿ ತೋರಿಸಿದ. ಬೆರಳಿಗೆ ನುಣುಪಾದ ಧೂಳು ಹತ್ತಿತು. ಕ್ಲಾಂಪು ಸಡಿಲವಾಗಿತ್ತು, ಫಿಲ್ಟರ್ ಎಷ್ಟು ಹೊಸದಿದ್ದರೂ ಗಾಳಿ ಆ ಸಂದಿನಿಂದಲೇ ಒಳಹೊಕ್ಕಿತ್ತು. ಗ್ರಾನೈಟಿನ ಧೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ, ಉಕ್ಕಿಗಿಂತ ಗಟ್ಟಿ. ಅವು ರಿಂಗಿಗೂ ಲೈನರಿಗೂ ನಡುವೆ ಸಿಕ್ಕಿ ಎರಡನ್ನೂ ಸವೆಸುತ್ತವೆ. ಇಂಥ ಎಂಜಿನ್ನನ್ನು ಬಿಚ್ಚಿದರೆ ಕರಗಿದ ಪಿಸ್ಟನ್ನು ಸಿಗುವುದಿಲ್ಲ, ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮನೆ ತೆಳುವಾದ ಮೇಲಿನ ರಿಂಗು ಸಿಗುತ್ತದೆ. ಗೀರಿನ ಬದಲು ಮಂಕಾದ, ಉಜ್ಜಿದ ಗೋಡೆ. ಕಣದ ಎಂಜಿನ್ನು ನಿಮಿಷಗಳಲ್ಲಿ ಸತ್ತರೆ ಗಣಿಯದು ತಿಂಗಳುಗಟ್ಟಲೆ ಸವೆದು ಸಾಯುತ್ತದೆ. ಐವತ್ತು ರೂಪಾಯಿಯ ಕ್ಲಾಂಪಿಗೆ ಒಂದು ಸ್ಕ್ರೂಡ್ರೈವರ್ ತಿರುವು ಕೊಟ್ಟಿದ್ದರೆ ಉಳಿಯುತ್ತಿದ್ದ ಎಂಜಿನ್ನುಗಳು ಅಲ್ಲಿ ಸಾಲಾಗಿ ಮಲಗಿದ್ದು ನೋಡಿ ಹೊಟ್ಟೆ ಉರಿಯಿತು.

ಹುನಗುಂದದ ಶೆಡ್ಡಿಗೆ ವಾಪಸು ಬಂದಾಗ ಉಸ್ತಾದ್ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಬಿಡಿಸಿ ಹರಡಿದ್ದ. ಮಡಿಕೆ ಮಡಿಕೆಯಲ್ಲೂ ಅಲ್ಯೂಮಿನಿಯಂ ಚೂರು. ಅಷ್ಟು ಚೂರು ಫಿಲ್ಟರಿನಲ್ಲಿದ್ದರೆ ಬೇರಿಂಗಿಗೂ ಹೋಗಿರಲೇಬೇಕು ಎಂದು ಚೇಂಬರ್ ಬಿಚ್ಚಿಸಿದ್ದ. ಕನೆಕ್ಟಿಂಗ್ ರಾಡಿನ ಬೇರಿಂಗುಗಳ ಮುಖದಲ್ಲಿ ಚೂರುಗಳು ಕೂತಿದ್ದವು. ಕ್ರ್ಯಾಂಕಿಗೆ ಮಾತ್ರ ಗೀರು ಬಿದ್ದಿರಲಿಲ್ಲ. ಇದನ್ನು ನೋಡದೆ ಹೊಸ ಪಿಸ್ಟನ್ನು ಹಾಕಿ ಮುಚ್ಚಿದ್ದರೆ ಹಳೆಯ ಚೂರುಗಳೇ ಹೊಸ ಎಂಜಿನ್ನನ್ನು ತಿನ್ನುತ್ತಿದ್ದವು. ಆಯಿಲ್ ಕೂಲರನ್ನೂ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ಊದುವಂತೆ ಹುಡುಗರಿಗೆ ಹೇಳಿದ.

ಮಾಲೀಕ ಬಂದು ಮೆಟ್ಟಿಲ ಮೇಲೆ ಕೂತ. ಉಸ್ತಾದ್ ಕರಗಿದ ಪಿಸ್ಟನ್ನನ್ನು ಅವನ ಕೈಗೆ ಕೊಟ್ಟು, ಪಕ್ಕಕ್ಕೆ ಬಿರುಕಿನ ಎರಡನ್ನೂ ಇಟ್ಟ.

"ಬನಶಂಕರಿ ಜಾತ್ರಿ ಹೊತ್ತಿಗೆ ಮತ್ತ ಜಗ್ಗಾಕ ಆಗತೈತೇನ್ರೀ?"

"ಬನದ ಹುಣ್ಣಿವಿಗೆ ಕಬ್ಬ ಹೊರಾಕ ಆಗತೈತಿ. ಮೊದಲ ಐವತ್ತ ತಾಸು ಹಗುರ ಕೆಲಸ, ಆಮ್ಯಾಲೆ ಆಯಿಲ್ ಬದಲಿ, ಆಮ್ಯಾಲೆ ಡಬಲ್ ಡಬ್ಬಿ. ಪಂಪ್ ಕಂಪನಿ ಅಳತಿಗೆ ಕುಂತು ಸೀಲ್ ಆಗಿ ಬಂದ್ರ ಮಾತ್ರ ನಾ ಹೆಡ್ ಮುಚ್ಚತೀನಿ. ಜಗ್ಗಸೋದಾದ್ರ ಬ್ಯಾರೆ ಎಂಜಿನ್ ಮಾಡಸ್ರಿ, ದುಡೀಯೋ ಎಂಜಿನ್ ಮ್ಯಾಲೆ ಬ್ಯಾಡ."

ಮಾಲೀಕ ಬಿರುಕಿನ ಪಿಸ್ಟನ್ನನ್ನು ಎತ್ತಿ, ಉಸ್ತಾದ್ ಮಾಡಿದಂತೆಯೇ ಉಗುರಿನಿಂದ ಅದರ ಬಟ್ಟಲಿನ ತುಟಿಯನ್ನು ಸವರಿ ನೋಡಿದ. ಸಾಮಾನಿನ ಚೀಟಿ ಬರೆಯುತ್ತಿದ್ದ ಹುಡುಗ ಪೆನ್ನು ಹಿಡಿದು ಕಾಯುತ್ತಿದ್ದ.

"ನಾಲ್ಕೂ ಬರಿಯಪಾ" ಎಂದ ಮಾಲೀಕ. "ನಾಲ್ಕ ಪಿಸ್ಟನ್, ನಾಲ್ಕ ಲೈನರ್, ಬೇರಿಂಗ್ ಸೆಟ್. ಪಂಪಿನವ್ರಿಗೆ ಫೋನ್ ಹಚ್ಚು, ಸೀಲ್ ಹೊಡೀರಿ ಅಂತ ಹೇಳು."